ಮನೆ ಮಾಡಿಗೆ (ಛಾವಣಿಗೆ) ಯಾವ ಪ್ಲೈವುಡ್? ಅಂಗಡಿಗೆ ಹೋಗುವ ಮೊದಲು ಇಷ್ಟು ಓದಿ

ಏಪ್ರಿಲ್ ಬಂತೆಂದರೆ ನನಗೆ ಬರುವ ಪ್ರಶ್ನೆ ಒಂದೇ. "ಮಾಡಿಗೆ ಪ್ಲೈವುಡ್ ಹಾಕಿಸ್ಬೇಕು, ಯಾವುದು ತಗೊಳ್ಳೋದು?" ಸುರತ್ಕಲ್‌ನವರು ಕಾರ್ ಶೆಡ್ಡಿಗೆ ಕೇಳುತ್ತಾರೆ. ಕಾಪುವಿನವರು ಹಂಚಿನ ಅಡಿಗೆ ಹಾಕಲು ಕೇಳುತ್ತಾರೆ. ಮಣಿಪಾಲದವರಿಗೆ ಶಿಂಗಲ್ಸ್ ಆಸೆ. ಫೋನಿನಲ್ಲಿ ಪ್ರತಿಸಲ ಅರ್ಧಂಬರ್ಧ ಹೇಳಿ, ಆಮೇಲೆ "ಅಯ್ಯೋ ಅದೊಂದು ಹೇಳಲಿಲ್ಲವಲ್ಲ" ಅಂತ ನೆನಪಾಗುವುದು ಸಾಕಾಗಿದೆ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲೈವುಡ್ಡನ್ನೇ ಮಾಡು ಅಂದುಕೊಳ್ಳಬೇಡಿ. ಅದು ಮಾಡಿನ ಕೆಳಗಿನ ಹಾಸು. ಅದರ ಮೇಲೆ ಹಂಚೋ, ಶೀಟೋ, ಶಿಂಗಲ್ಸೋ ಇರಲೇಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆ ಮುಗಿದ ಮೇಲೆ ಬೆನ್ನು ಸುಡುವ ಬಿಸಿಲು. ಒದ್ದೆಯಾದಾಗ ಮರ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲೆ ಬಳಿದ ಪೇಂಟ್ ಈ ಆಟಕ್ಕೆ ಎರಡು ವರ್ಷದಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ನೀರು ಹೊಕ್ಕಿತು ಅಂದರೆ ಎಷ್ಟು ದುಬಾರಿ ಪ್ಲೈ ಆದರೂ ಕಥೆ ಮುಗಿಯಿತು.

1. ನಿಮಗೆ ನಿಜಕ್ಕೂ ಪ್ಲೈವುಡ್ ಬೇಕಾ, ನೋಡಿ

ಟೆರೇಸ್ ಮೇಲೆ ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು) ನಿಲ್ಲಿಸಿ ಶೀಟು ಹಾಕಿಸುತ್ತಿದ್ದೀರಾ? ಹಾಗಾದರೆ ಪ್ಲೈ ಬೇಡ. ಶೀಟು ನೇರವಾಗಿ ಟ್ರಸ್ ಮೇಲೆ ಕೂರುತ್ತದೆ. ಬಟ್ಟೆ ಒಣಗಿಸುವ ಜಾಗಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಶಿಂಗಲ್ಸ್‌ಗೆ ಪ್ಲೈ ಬೇಕೇ ಬೇಕು. ಶಿಂಗಲ್ಸ್ ಅಂದರೆ ಡಾಂಬರು ಲೇಪದ ತೆಳು ಹಾಳೆಗಳು, ಅವಕ್ಕೆ ಸ್ವಂತ ಬಲ ಇಲ್ಲ. ಮಲಗುವ ಕೋಣೆಯ ಮೇಲೆ ಲೋಹದ ಶೀಟು ಇದ್ದು ಮಳೆಯ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದಾದರೂ ಪ್ಲೈ ಉಪಯೋಗಕ್ಕೆ ಬರುತ್ತದೆ.

ಹಂಚಿನ ಮಾಡಿನ ವಿಷಯ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ನಮ್ಮ ಹಂಚಿನ ಮಾಡು ನಿಂತಿರುವುದು ಪಕ್ಕಾಸು (ಇಳಿಜಾರಿನ ಉದ್ದಕ್ಕೆ ಇರುವ ತೊಲೆ) ಮತ್ತು ರೀಪಿನ (ಅದರ ಮೇಲಿನ ಅಡ್ಡ ಪಟ್ಟಿ) ಮೇಲೆ. ಪ್ಲೈ ಇರಲೇ ಇಲ್ಲ. ಹಂಚುಗಳ ಸಂದಿಯಲ್ಲಿ ಗಾಳಿ ಆಡುತ್ತದೆ, ಒದ್ದೆಯಾದದ್ದು ತಾನಾಗಿ ಒಣಗುತ್ತದೆ. ಈಗ ಮಂಗ, ಮರಬೆಕ್ಕು, ನವಿಲು ಹಂಚು ಸರಿಸಿ ಸೋರುತ್ತದೆ ಎಂದು ಜನ ಪ್ಲೈ ಹಾಕಿಸುತ್ತಾರೆ. ತಪ್ಪಲ್ಲ. ಆದರೆ ಗಾಳಿಯ ದಾರಿಯನ್ನು ನೀವೇ ಮುಚ್ಚುತ್ತಿದ್ದೀರಿ ಎನ್ನುವುದು ಗೊತ್ತಿರಲಿ. ಅದಕ್ಕೆ ಪರಿಹಾರ ಏಳನೇ ಹಂತದಲ್ಲಿದೆ.

2. ಗ್ರೇಡ್ ತಿಳಿದುಕೊಳ್ಳಿ

ಪ್ಲೈವುಡ್ ಅಂದರೆ ತೆಳು ಮರದ ಹಾಳೆಗಳನ್ನು ಒಂದರ ಮೇಲೊಂದು ಅಡ್ಡ-ಉದ್ದ ಇಟ್ಟು ಅಂಟಿನಲ್ಲಿ ಒತ್ತಿದ ಹಲಗೆ. ಈ ಹಾಳೆಗೆ ವೆನೀರ್ ಎನ್ನುತ್ತಾರೆ. ಗ್ರೇಡ್ ಮುಖ್ಯವಾಗಿ ಹೇಳುವುದು ಅಂಟಿನ ತಾಕತ್ತು.

ಎಂಆರ್ ಗ್ರೇಡ್ ಅಂದರೆ ತೇವ ತಡೆಯುವ ಪ್ಲೈ. ಅಂಗಡಿಯಲ್ಲಿ ಇದನ್ನೇ "ಕಮರ್ಷಿಯಲ್" ಎನ್ನುತ್ತಾರೆ. 60 ಡಿಗ್ರಿ ಬಿಸಿನೀರಿನಲ್ಲಿ ಮೂರು ಗಂಟೆ ಇಟ್ಟು ಪರೀಕ್ಷೆ ಮಾಡುವ ಗ್ರೇಡ್ ಇದು. ಒಳಗಿನ ಕಪಾಟಿಗೆ ಸರಿ, ಮಾಡಿಗೆ ಬೇಡ.

ಬಿಡಬ್ಲ್ಯುಆರ್ ಗ್ರೇಡ್ ಕುದಿಯುವ ನೀರನ್ನು ತಡೆಯುವಂಥದ್ದು, 8 ಗಂಟೆ ಕುದಿಸುವ ಪರೀಕ್ಷೆ. ಎಂಆರ್ ಮತ್ತು ಬಿಡಬ್ಲ್ಯುಆರ್ ಎರಡೂ ಐಎಸ್ 303 ಎಂಬ ಮಾನದಂಡದ ಕೆಳಗೆ ಬರುತ್ತವೆ. ಇಲ್ಲೇ ಜನ ಮೋಸಹೋಗುವುದು. "ಐಎಸ್ 303 ಇದೆ ಸರ್" ಎಂದರೆ ಅದು ಕಮರ್ಷಿಯಲ್ ಕೂಡ ಆಗಿರಬಹುದು. ಪಕ್ಕದಲ್ಲಿ ಬಿಡಬ್ಲ್ಯುಆರ್ ಎಂದು ಮುದ್ರೆ ಇದೆಯೋ ನೋಡಿ.

ಮೂರನೆಯದು ಬಿಡಬ್ಲ್ಯುಪಿ, ಅಂದರೆ ಮೆರೈನ್ ಪ್ಲೈ. ಮಾನದಂಡ ಐಎಸ್ 710. ಇದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು. ವೆನೀರ್‌ಗಳಿಗೆ ಹುಳ ಮತ್ತು ಕೊಳೆತ ತಡೆಯುವ ಔಷಧವನ್ನೂ ಹಾಕಿರಬೇಕು. ನಮ್ಮೂರ ಮಾಡಿಗೆ ನಾನು ಹೇಳುವುದು ಇದೊಂದನ್ನೇ. ಖರ್ಚು ಉಳಿಸಲೇಬೇಕು ಎಂದಾದರೆ, ಪೂರ್ತಿ ಮುಚ್ಚಿದ, ಕೆಳಗಿನಿಂದ ಗಾಳಿಯಾಡುವ ಜಾಗಕ್ಕೆ ಒಳ್ಳೆಯ ಬಿಡಬ್ಲ್ಯುಆರ್ ನಡೆಯುತ್ತದೆ. ಸೂರಿನ (ಗೋಡೆಯಿಂದ ಹೊರಚಾಚಿದ ಮಾಡಿನ ಭಾಗದ) ಅಂಚಿಗೆ ಮಾತ್ರ ಆಗಲೂ ಮೆರೈನೇ ಹಾಕಿ.

"ವಾಟರ್‌ಪ್ರೂಫ್" ಎನ್ನುವ ಪದಕ್ಕೆ ಬೆಲೆ ಕೊಡಬೇಡಿ. ಅದು ಗ್ರೇಡ್ ಅಲ್ಲ, ಬರೀ ಮಾತು. ನಾನೂ ಒಮ್ಮೆ ಆ ಮಾತು ನಂಬಿ ಪಂಪ್ ಶೆಡ್ಡಿಗೆ ಎಂಟು ಶೀಟು ತಂದಿದ್ದೆ. ಎರಡನೇ ಮಳೆಗಾಲಕ್ಕೆ ಅದರ ಅಂಚು ಬೆಂದ ಪತ್ರೊಡೆಯ ಸುತ್ತು ಬಿಚ್ಚಿದ ಹಾಗೆ ಬಿಚ್ಚಿಕೊಂಡಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ: ಮೆರೈನ್ ಅಂದರೆ ನೀರಿನಲ್ಲೇ ಇದ್ದರೂ ಏನೂ ಆಗದು ಅಂತ. ಅಂಟು ಬಿಡುವುದಿಲ್ಲ ಅಷ್ಟೇ. ಒಳಗಿರುವುದು ಮರವೇ. ಔಷಧ ಹಾಕಿದ್ದರೂ ತಿಂಗಳುಗಟ್ಟಲೆ ಒದ್ದೆಯಿದ್ದರೆ ಮರ ನಿಧಾನಕ್ಕೆ ಕೊಳೆಯುತ್ತದೆ.

ಕಾಂಕ್ರೀಟ್ ಕೆಲಸದ ಶಟರಿಂಗ್ ಪ್ಲೈ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಮೊಳೆ ಹೊಡೆದ ತೂತುಗಳು ತುಂಬಾ ಇರುತ್ತವೆ. ಕಟ್ಟಿಗೆ ಕೊಟ್ಟಿಗೆಗೆ ಸರಿ, ಮನೆಗೆ ಬೇಡ.

3. ದಪ್ಪ ಎಷ್ಟು?

ದಪ್ಪ ಎಷ್ಟು ಬೇಕು ಎನ್ನುವುದು ಪಕ್ಕಾಸುಗಳ ನಡುವಿನ ಅಂತರದ ಮೇಲೆ ಹೋಗುತ್ತದೆ. ನಾನು ಹಿಡಿದುಕೊಂಡಿರುವ ಲೆಕ್ಕ ಹೀಗೆ: ಅಂತರ 16 ಇಂಚು ಇದ್ದರೆ 12 ಮಿ.ಮೀ., 24 ಇಂಚು ಇದ್ದರೆ 18 ಮಿ.ಮೀ. ಎರಡಡಿಗಿಂತ ದೂರ ಇದ್ದರೆ ದಪ್ಪ ಪ್ಲೈ ಹುಡುಕುವ ಬದಲು ನಡುವೆ ಒಂದು ಪಕ್ಕಾಸು ಸೇರಿಸಿ. ಖರ್ಚೂ ಕಡಿಮೆ, ಬಲವೂ ಜಾಸ್ತಿ.

16 ಮತ್ತು 24 ಯಾಕೆ? ಪೂರ್ತಿ ಶೀಟು 8 ಅಡಿ ಉದ್ದ, 4 ಅಡಿ ಅಗಲ. 8 ಅಡಿ ಅಂದರೆ 96 ಇಂಚು. ಅದು 16ಕ್ಕೂ 24ಕ್ಕೂ ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ ಶೀಟಿನ ತುದಿ ಪಕ್ಕಾಸಿನ ನಡುಮಧ್ಯಕ್ಕೇ ಬಂದು ಕೂರುತ್ತದೆ. ಕೆಲವು ಬಡಗಿಗಳು 18 ಅಥವಾ 20 ಇಂಚು ಇಡುತ್ತಾರೆ. ಆಗ ಪ್ರತಿ ಶೀಟಿನ ತುದಿ ಗಾಳಿಯಲ್ಲಿ ನೇತಾಡುತ್ತದೆ, ಇಲ್ಲವೇ ಕತ್ತರಿಸಿ ಹಾಳು ಮಾಡಬೇಕಾಗುತ್ತದೆ. ಟ್ರಸ್ ಕಟ್ಟುವ ಮೊದಲೇ ಈ ಮಾತು ಆಡಿಬಿಡಿ.

9 ಮಿ.ಮೀ. ಸಾಕು ಎಂದು ಯಾರಾದರೂ ಹೇಳಿದರೆ, "ಅದರ ಮೇಲೆ ನೀವು ನಡೆಯುತ್ತೀರಾ?" ಎಂದು ಕೇಳಿ. ಹಂಚು ಸರಿಪಡಿಸಲು ಯಾರಾದರೂ ಮೇಲೆ ಹತ್ತಿಯೇ ಹತ್ತುತ್ತಾರಲ್ವಾ? ತೆಂಗಿನಕಾಯಿ ಬೀಳುವುದಂತೂ ಇದ್ದದ್ದೇ.

ತೂಕದ ಅಂದಾಜೂ ಇರಲಿ. 12 ಮಿ.ಮೀ. ಮೆರೈನ್ ಶೀಟು ಸುಮಾರು 25 ಕಿಲೋ, 18 ಮಿ.ಮೀ. ಸುಮಾರು 38 ಕಿಲೋ. ಹಳೆಯ ಮನೆಯ ಪಕ್ಕಾಸಿಗೆ ಈ ಹೊಸ ಭಾರ ಹೊರುವ ಶಕ್ತಿ ಇದೆಯೇ ಎಂದು ಬಡಗಿಯಿಂದ ನೋಡಿಸಿ. ಒರಲೆ (ಗೆದ್ದಲು) ತಿಂದ ಪಕ್ಕಾಸಿನ ಮೇಲೆ ಹೊಸ ಪ್ಲೈ ಹಾಕಿದರೆ ಎರಡೂ ಹೋಗುತ್ತವೆ.

4. ಎಷ್ಟು ಶೀಟು ಬೇಕು, ಲೆಕ್ಕ ಹಾಕಿ

ನೆಲದ ಅಳತೆ ಹಿಡಿದು ಲೆಕ್ಕ ಹಾಕಿದರೆ ಶೀಟು ಕಡಿಮೆ ಬೀಳುತ್ತದೆ. ಇಳಿಜಾರಿನ ಉದ್ದಕ್ಕೇ ಟೇಪ್ ಹಿಡಿಯಬೇಕು, ಸೂರು ಹೊರಚಾಚಿರುವುದನ್ನೂ ಸೇರಿಸಿ.

ಉದಾಹರಣೆಗೆ, 20 ಅಡಿ ಉದ್ದದ, ಒಂದೇ ಬದಿಗೆ ಇಳಿಯುವ ಮಾಡು. ಅಡ್ಡಳತೆ 10 ಅಡಿ, ಇಳಿಜಾರು 30 ಡಿಗ್ರಿ. ಆಗ ಇಳಿಜಾರಿನ ಉದ್ದ ಸುಮಾರು 11 ಅಡಿ 7 ಇಂಚು. ನಾಲ್ಕಡಿಯ ಮೂರು ಸಾಲು ಬೇಕು. ಒಂದು ಸಾಲಿಗೆ ಎರಡೂವರೆ ಶೀಟು. ಒಟ್ಟು ಏಳೂವರೆ, ಅಂದರೆ ಎಂಟು ಶೀಟು ತನ್ನಿ. ಉಳಿಯುವ ಅರ್ಧ ಶೀಟು ವ್ಯರ್ಥವಲ್ಲ, ಮುಂದಿನ ಹಂತದಲ್ಲಿ ಹೇಳುವ ಕುದಿಸುವ ಪರೀಕ್ಷೆಗೆ ಮೊದಲೇ ತರುವ ಶೀಟಿನ ತುಂಡು ಅದರ ಲೆಕ್ಕಕ್ಕೇ ಹೋಗುತ್ತದೆ.

5. ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಅವಸರ ಮಾಡಬೇಡಿ. ಜೇಬಿನಲ್ಲಿ ಒಂದು ಟೇಪ್, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್ ಇರಲಿ. ಕ್ಯಾಲಿಪರ್ ಅಂದರೆ ದಪ್ಪ ಅಳೆಯುವ ಇಕ್ಕಳದಂಥ ಸಾಧನ.

ಮೊದಲು ಮುದ್ರೆ ನೋಡಿ. ಐಎಸ್‌ಐ ಗುರುತಿನ ಮೇಲೆ ಐಎಸ್ 710 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರೂ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರದ್ದು, ಯಾವ ಮಾನದಂಡಕ್ಕೆ, ಈಗಲೂ ಚಾಲ್ತಿಯಲ್ಲಿದೆಯೇ ಎಲ್ಲ ತಿಳಿಯುತ್ತದೆ. ಎರಡು ನಿಮಿಷದ ಕೆಲಸ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆಮೇಲೆ ಅಂಚು ನೋಡಿ. ಶೀಟನ್ನು ಬೆಳಕಿಗೆ ತಿರುಗಿಸಿ, ಬದಿಯ ಪದರಗಳನ್ನು ಹತ್ತಿರದಿಂದ ಗಮನಿಸಿ. ಪದರಗಳು ಒಂದೇ ಸಮ ಇರಬೇಕು. ನಡುವೆ ಕಪ್ಪು ತೂತು ಕಂಡರೆ ಅಲ್ಲಿ ವೆನೀರ್ ಇಲ್ಲ ಎಂದರ್ಥ. ಇದನ್ನು ಗ್ಯಾಪ್ ಎನ್ನುತ್ತಾರೆ, ನೀರು ಬಂದು ಕೂರುವುದು ಅಲ್ಲಿಯೇ. ಒಂದು ಪದರ ಇನ್ನೊಂದರ ಮೇಲೆ ಹತ್ತಿ ಕೂತಿದ್ದರೆ ಅದು ಓವರ್‌ಲ್ಯಾಪ್, ಅಲ್ಲಿ ಶೀಟು ಉಬ್ಬಿರುತ್ತದೆ. ಪದರಗಳ ನಡುವಿನ ಅಂಟಿನ ಗೆರೆ ಕಡು ಕಂದು ಇದ್ದರೆ ಅದು ಸಾಮಾನ್ಯವಾಗಿ ಫೀನಾಲ್ ಅಂಟು, ಹೊರಗಿನ ಕೆಲಸಕ್ಕೆ ಬೇಕಾದದ್ದು. ಗೆರೆ ಬಿಳಿಚಿಕೊಂಡಿದ್ದರೆ ಯೂರಿಯಾ ಅಂಟು ಇರಬಹುದು, ಅನುಮಾನ ಪಡಿ. ಅಂಚಿಗೆ ದಪ್ಪ ಬಣ್ಣ ಬಳಿದಿದ್ದರೆ ಒಂದು ತುಂಡು ಕತ್ತರಿಸಿ ತೋರಿಸಲು ಹೇಳಿ.

ಕೆಂಪು ಮೇಲ್ಮೈಗೆ ಮರುಳಾಗಬೇಡಿ. ಗರ್ಜನ್ ಮರದ ವೆನೀರ್ ಕೆಂಪಾಗಿರುತ್ತದೆ, ಅದಕ್ಕೆ ಹೆಸರೂ ಇದೆ. ಆದರೆ ಬಣ್ಣ ಹಾಕಿಯೂ ಕೆಂಪು ಮಾಡಬಹುದು. ಮೇಲಿನ ಹಾಳೆ ಕಾಗದದಷ್ಟು ತೆಳು, ಒಳಗೇನಿದೆ ಎನ್ನುವುದು ಮುಖ್ಯ. ಹರಿಯಾಣದ ಯಮುನಾನಗರದ ಕಡೆಯ ಪ್ಲೈಯಲ್ಲಿ ಪಾಪ್ಲರ್ ಮರ ಜಾಸ್ತಿ, ಕೇರಳದ ಪೆರುಂಬಾವೂರಿನದ್ದರಲ್ಲಿ ರಬ್ಬರ್ ಮರ ಜಾಸ್ತಿ. ಪಾಪ್ಲರ್ ಹಗುರ ಮತ್ತು ಮೆದು, ಮಾಡಿನ ಭಾರಕ್ಕೆ ನನಗೆ ಅಷ್ಟು ಹಿಡಿಸದು. ಒಳಗೆ ಗಟ್ಟಿಮರ ಇರುವುದನ್ನೇ ಕೇಳಿ ತಗೊಳ್ಳಿ.

ಬೆರಳ ಗೆಣ್ಣಿನಿಂದ ಶೀಟಿನ ಉದ್ದಕ್ಕೂ ತಟ್ಟುತ್ತಾ ಹೋಗಿ. ಎಲ್ಲ ಕಡೆ ಗಟ್ಟಿ ಸದ್ದು ಬರಬೇಕು. ಹಲಸಿನ ಹಣ್ಣು ತಟ್ಟಿ ನೋಡಿ ಅಭ್ಯಾಸ ಇದ್ದವರಿಗೆ ಟೊಳ್ಳು ಸದ್ದು ತಟ್ಟನೆ ಗೊತ್ತಾಗುತ್ತದೆ. ಎದುರುಬದುರು ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಸಲ ಟೇಪ್ ಹಿಡಿಯಿರಿ, ಎರಡೂ ಅಳತೆ ಒಂದೇ ಇರಬೇಕು. ದಪ್ಪವನ್ನು ನಾಲ್ಕೂ ಕಡೆ ಅಳೆಯಿರಿ. 18 ಎಂದು ಬರೆದು 16 ಕೊಡುವುದು ಹೊಸ ವಿಷಯವೇನಲ್ಲ.

ಬಿಲ್ಲಿನಲ್ಲಿ ಕಂಪನಿಯ ಹೆಸರು, ಐಎಸ್ 710, ದಪ್ಪ ಮೂರೂ ಬರೆಸಿ. ಬರೀ "ಪ್ಲೈ 8 ಶೀಟು" ಎಂದಿದ್ದರೆ ನಾಳೆ ಜಗಳಕ್ಕೂ ಆಧಾರ ಇರುವುದಿಲ್ಲ. ಗ್ಯಾರಂಟಿ ಕಾರ್ಡನ್ನು ಅಲ್ಲೇ ಓದಿ. ಹೊರಗೆ, ಮಾಡಿನ ಕೆಲಸಕ್ಕೆ ಬಳಸಿದರೂ ಗ್ಯಾರಂಟಿ ಅನ್ವಯಿಸುತ್ತದೆಯೇ ಎಂದು ಕೇಳಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ: ದೊಡ್ಡ ಆರ್ಡರ್ ಕೊಡುವ ಮೊದಲು ಒಂದೇ ಶೀಟು ತನ್ನಿ. ಎರಡಿಂಚಿನ ತುಂಡು ಕತ್ತರಿಸಿ, ಹಳೆಯ ಪಾತ್ರೆಯಲ್ಲಿ ಎಂಟು ಗಂಟೆ ಕುದಿಸಿ. ಬಚ್ಚಲ ಒಲೆ ಇದ್ದರೆ ಗ್ಯಾಸ್ ಖರ್ಚಿಲ್ಲ. ತಣಿದ ಮೇಲೆ ಪದರಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿ. ಮರದ ನಾರು ಹರಿದು ಬಂದರೆ ಅಂಟು ಗಟ್ಟಿ. ನುಣ್ಣಗೆ ಕಳಚಿ ಬಂದರೆ ಆ ಪ್ಲೈ ವಾಪಸ್ ಕೊಡಿ. ಅಡುಗೆ ಪಾತ್ರೆಯಲ್ಲಿ ಮಾತ್ರ ಕುದಿಸಬೇಡಿ, ಅಂಟು ಮತ್ತು ಔಷಧ ನೀರಿಗೆ ಬರುತ್ತದೆ.

6. ಹತ್ತಿಸುವ ಮೊದಲು ಅಂಚು ಮುಚ್ಚಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಪ್ಲೈ ನೀರು ಕುಡಿಯುವುದು ಅಂಚಿನಿಂದ. ಮೇಲ್ಮೈಯಿಂದ ಹನಿ ಹನಿ ಹೋದರೆ ಅಂಚಿನಿಂದ ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತದೆ. ಗರಗಸ ಆಡಿಸಿದ ಪ್ರತಿ ಜಾಗವೂ ಹೊಸ ಬಾಯಿ.

ಹಾಗಾಗಿ ಶೀಟುಗಳನ್ನು ಕೆಳಗೇ ಅಳತೆಗೆ ಕತ್ತರಿಸಿ. ಅಂಚನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಧೂಳು ಒರೆಸಿ, ಎಪಾಕ್ಸಿ ಅಥವಾ ಹೊರಾಂಗಣದ ಪಿಯು (ಪಾಲಿಯುರೆಥೇನ್) ಸೀಲರ್ ಎರಡು ಸಲ ಬಳಿಯಿರಿ. ಮೊದಲ ಸಲ ಹಚ್ಚಿದ್ದನ್ನು ಅಂಚು ಪೂರ್ತಿ ಕುಡಿದುಬಿಡುತ್ತದೆ, ಅದಕ್ಕೇ ಎರಡನೆಯದು ಬೇಕು. ಎರಡೂ ಮೇಲ್ಮೈಗೆ ಹೊರಾಂಗಣ ಪ್ರೈಮರ್ ಹಾಕಿ. ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆ ತೇವ ಎಳೆದು ಶೀಟು ಬಿಲ್ಲಿನಂತೆ ಬಾಗುತ್ತದೆ. ಬಡಗಿ "ಮೇಲೆ ಹಾಕಿದ ಮೇಲೆ ಪೇಂಟ್ ಮಾಡುವ" ಎಂದರೆ ಒಪ್ಪಬೇಡಿ. ಮೇಲೆ ಹೋದ ಮೇಲೆ ಅಂಚು ಕೈಗೆ ಸಿಗುವುದಿಲ್ಲ.

ಅಲ್ಲಿಯವರೆಗೆ ಶೀಟುಗಳನ್ನು ಅಂಗಳದ ಮಣ್ಣಿನ ಮೇಲೆ ಇಡಬೇಡಿ, ಕಂಪೌಂಡ್ ಗೋಡೆಗೆ ಒರಗಿಸಲೂ ಬೇಡಿ. ರೀಪಿನ ತುಂಡುಗಳ ಮೇಲೆ ಮಟ್ಟಸವಾಗಿ ಮಲಗಿಸಿ, ಮೇಲೆ ಟಾರ್ಪಾಲು ಹೊದೆಸಿ.

7. ಕೂರಿಸುವುದು

ಶೀಟಿನ 8 ಅಡಿ ಉದ್ದ ಪಕ್ಕಾಸಿಗೆ ಅಡ್ಡಲಾಗಿ ಬರಬೇಕು. ಮೇಲ್ಮೈಯ ಮರದ ನಾರು ಸಾಮಾನ್ಯವಾಗಿ ಆ ಉದ್ದಕ್ಕೇ ಇರುತ್ತದೆ, ಬಲ ಸಿಗುವುದು ಆ ದಿಕ್ಕಿನಲ್ಲೇ. ಸೂರಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೊದಲ ಸಾಲು ಪೂರ್ತಿ ಶೀಟಿನಿಂದ, ಎರಡನೆಯದು ಅರ್ಧದಿಂದ ಶುರುವಾಗಲಿ. ಇಟ್ಟಿಗೆ ಕಟ್ಟುವ ಹಾಗೆ, ಜಾಯಿಂಟ್ ಒಂದರ ಮೇಲೊಂದು ಬರಬಾರದು.

ಎರಡು ಶೀಟುಗಳ ನಡುವೆ 3 ಮಿ.ಮೀ. ಸಂದಿ ಬಿಡಿ. ತೀರಾ ಒತ್ತಿ ಕೂರಿಸಿದರೆ ಮಳೆಗಾಲದಲ್ಲಿ ಉಬ್ಬಿ ಜಾಯಿಂಟ್ ಮೇಲೆದ್ದು ನಿಲ್ಲುತ್ತದೆ.

ಸ್ಕ್ರೂ 12 ಮಿ.ಮೀ. ಪ್ಲೈಗೆ 40 ಮಿ.ಮೀ., 18ಕ್ಕೆ 50 ಮಿ.ಮೀ. ಅಂಚಿನಲ್ಲಿ ಆರಿಂಚಿಗೊಂದು, ನಡುವಿನ ಪಕ್ಕಾಸುಗಳಲ್ಲಿ ಒಂದಡಿಗೊಂದು. ಅಂಗಡಿಯ ಕಪ್ಪು ಜಿಪ್ಸಮ್ ಸ್ಕ್ರೂ ಒಳಗಿನ ಸೀಲಿಂಗಿಗೆ ಸರಿ, ಇಲ್ಲಿ ಒಂದೇ ಮಳೆಗೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ಗ್ರೇಡ್ ತಗೊಳ್ಳಿ. ಉಳ್ಳಾಲ, ಪಣಂಬೂರು, ಮಲ್ಪೆಯಂಥ ಕಡಲ ಬದಿಯ ಮನೆಗಳಿಗೆ 316 ಇರಲಿ, ಉಪ್ಪುಗಾಳಿಗೆ ಅದು ಜಾಸ್ತಿ ತಡೆಯುತ್ತದೆ. ಸ್ಟೀಲ್ ಎಂದು ಕೊಡುವ ಕೆಲವು ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳು 410 ಆಗಿರುತ್ತವೆ, ಕಡಲ ಬದಿಯಲ್ಲಿ ಅವು ತುಕ್ಕು ಹಿಡಿಯುತ್ತವೆ. ಫ್ರಿಡ್ಜ್ ಮೇಲಿನ ಅಯಸ್ಕಾಂತ ತಾಗಿಸಿ ನೋಡಿ. ಗಟ್ಟಿಯಾಗಿ ಕಚ್ಚಿಕೊಂಡರೆ 304 ಅಲ್ಲ, 316 ಕೂಡ ಅಲ್ಲ.

ಈಗ ಮೇಲಿನ ಪದರ. ಪ್ಲೈ ಮೇಲೆ ನೀರು ತಡೆಯುವ ಮೆಂಬ್ರೇನ್ ಹಾಸಬೇಕು, ಅಂದರೆ ಡಾಂಬರಿನ ಫೆಲ್ಟ್ ಅಥವಾ ಅಂಟಿಕೊಳ್ಳುವ ಹಾಳೆ. ಕೆಳಗಿನಿಂದ ಮೇಲಕ್ಕೆ ಹಾಸುತ್ತಾ ಬನ್ನಿ, ಮೇಲಿನ ಹಾಳೆ ಕೆಳಗಿನದರ ಮೇಲೆ ನಾಲ್ಕಿಂಚು ಬರಲಿ.

ಹಂಚು ಹಾಕುವವರು ಇಲ್ಲಿ ದೊಡ್ಡ ತಪ್ಪು ಮಾಡುತ್ತಾರೆ. ಅಡ್ಡ ರೀಪನ್ನು ನೇರ ಪ್ಲೈ ಮೇಲೆಯೇ ಹೊಡೆದುಬಿಡುತ್ತಾರೆ. ಹಂಚಿನ ಸಂದಿಯಲ್ಲಿ ಇಳಿದ ನೀರು ಪ್ಲೈ ಮೇಲೆ ಜಾರಿ ಬಂದು ಅಡ್ಡ ರೀಪಿಗೆ ತಾಗಿ ನಿಲ್ಲುತ್ತದೆ. ಪ್ರತಿ ರೀಪೂ ಒಂದೊಂದು ಗದ್ದೆ ಹುಣಿಯೇ (ಬದುವೇ). ನೀರು ಅಲ್ಲೇ ನಿಂತು, ಮೊಳೆ ತೂತಿನಿಂದ ಪ್ಲೈಗೆ ಇಳಿಯುತ್ತದೆ. ಹಾಗಾಗಿ ಮೊದಲು ಇಳಿಜಾರಿನ ಉದ್ದಕ್ಕೆ, ಪಕ್ಕಾಸಿನ ನೇರಕ್ಕೆ ಒಂದಿಂಚಿನ ಪಟ್ಟಿಗಳನ್ನು ಹೊಡೆಯಿರಿ. ಅದರ ಮೇಲೆ ಅಡ್ಡ ರೀಪು, ಆಮೇಲೆ ಹಂಚು. ರೀಪಿನ ಅಡಿಯಲ್ಲಿ ನೀರು ಹರಿದು ಸೂರಿಗೆ ಬರುತ್ತದೆ, ಗಾಳಿಯೂ ಆಡುತ್ತದೆ. ಕೋಡಿನ (ಮಾಡಿನ ತುತ್ತತುದಿಯ) ಹತ್ತಿರ ಮತ್ತು ಸೂರಿನಲ್ಲಿ ಆ ಗಾಳಿಗೆ ಬಾಯಿ ಬಿಡಿ, ಇಲಿ ಬಾರದ ಹಾಗೆ ಜಾಲರಿ ಹಾಕಿ.

ಲೋಹದ ಶೀಟು ಹಾಕುವವರಿಗೆ ಬೇರೆ ಎಚ್ಚರಿಕೆ. ಪ್ಲೈಗೆ ಹಾಕಿದ ಔಷಧದಲ್ಲಿ ತಾಮ್ರ ಇದ್ದು, ಜಿಂಕ್ ಲೇಪದ ಶೀಟು ಅದಕ್ಕೆ ನೇರ ತಾಗಿ ಒದ್ದೆಯಾದರೆ ಶೀಟು ಬೇಗ ತೂತು ಬೀಳುತ್ತದೆ. ನಡುವೆ ಫೆಲ್ಟ್ ಇರಲೇಬೇಕು.

ಸೂರಿನ ತುದಿಗೆ ಲೋಹದ ಪಟ್ಟಿ ಬಗ್ಗಿಸಿ ಹಾಕಿಸಿ. ಅದಿಲ್ಲದಿದ್ದರೆ ನೀರು ಪ್ಲೈಯ ಅಡಿಗೆ ತಿರುಗಿ ಹರಿಯುತ್ತದೆ. ದಂಬೆ (ಮಾಡಿನ ನೀರು ಹಿಡಿದು ಸಾಗಿಸುವ ಕಾಲುವೆ) ಪ್ಲೈಯ ಅಂಚಿಗಿಂತ ಕೆಳಗಿರಲಿ. ಎಲೆ ಕಟ್ಟಿಕೊಂಡು ದಂಬೆ ತುಂಬಿದರೂ ನೀರು ಹೊರಗೆ ಚೆಲ್ಲಬೇಕು, ಪ್ಲೈ ಕಡೆಗೆ ಏರಬಾರದು.

ಎಲ್ಲ ಕೆಲಸ ಪತ್ತನಾಜೆಗೆ ಮೊದಲು ಮುಗಿಯುವ ಹಾಗೆ ನೋಡಿಕೊಳ್ಳಿ. ಮೇ ಕೊನೆಯಲ್ಲಿ ಬರುವ ಆ ದಿನ ಯಕ್ಷಗಾನ ಮೇಳಗಳೇ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ನಿಮ್ಮ ಬಡಗಿ ಮಾತ್ರ ಮಾಡಿನ ಮೇಲೆ ಇರುವುದು ಬೇಡ. ಮೆಂಬ್ರೇನ್ ಇಲ್ಲದ ಪ್ಲೈಯನ್ನು ಒಂದು ರಾತ್ರಿಯೂ ತೆರೆದಿಡಬೇಡಿ. ಮೇ ತಿಂಗಳ ಗುಡುಗು ಮಳೆ ಹೇಳಿ ಬರುವುದಿಲ್ಲ.

8. ಮಳೆ ಮುಗಿದ ಮೇಲೆ

ಅಕ್ಟೋಬರ್‌ನಲ್ಲಿ ಒಂದು ಬಿಸಿಲಿನ ದಿನ ಟಾರ್ಚ್ ಹಿಡಿದು ಕೆಳಗಿನಿಂದ ಪ್ಲೈ ನೋಡಿ. ಕಪ್ಪು ಕಲೆ ಇದ್ದರೆ ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಮುಂದಿನ ವರ್ಷ ಕಲೆ ಗೆರೆ ದಾಟಿದ್ದರೆ ಸೋರುವುದು ನಿಂತಿಲ್ಲ. ಬಿಳಿ ಬೂಷ್ಟು ಎಲ್ಲ ಕಡೆ ಹರಡಿದ್ದರೆ ಅದು ಸೋರಿಕೆಯಲ್ಲ, ಗಾಳಿ ಸಾಲುತ್ತಿಲ್ಲ. ಗೋಡೆಯಿಂದ ಮಣ್ಣಿನ ಗೆರೆ ಹತ್ತಿದೆಯೇ ನೋಡಿ, ಒರಲೆ ಬರುವುದು ಆ ದಾರಿಯಲ್ಲೇ. ಕೊನೆಗೆ ಏಣಿ ಇಟ್ಟು ಸೂರಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ತಾಗಿದರೆ ಅಂಚಿಗೆ ಇನ್ನೊಂದು ಸಲ ಸೀಲರ್ ಬಳಿದು ಇಳಿಯಿರಿ. ಬೆಣ್ಣೆಗೆ ಹೋದ ಹಾಗೆ ಒಳಗೆ ಹೋದರೆ ಆ ಸಾಲಿನ ಹಂಚು ತೆಗೆಸಿ, ಅಷ್ಟು ಪ್ಲೈ ಮಾತ್ರ ಕತ್ತರಿಸಿ ಪಕ್ಕಾಸಿನ ನಡುಮಧ್ಯಕ್ಕೆ ಸೇರುವ ಹಾಗೆ ಹೊಸ ತುಂಡು ಹಾಕಿಸಿ.